ಡಿಸ್ನಿಲ್ಯಾಂಡ್ ಮೇಲೆ ವಿಮಾನ ಹಾರಿಸಬಾರದಂತೆ, ನಿಜವಾ? ಪಾರ್ಕಿಗೆ ಯಾಕೆ ಅಷ್ಟು ಭದ್ರತೆ?

ನಿಜ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್, ಫ್ಲೋರಿಡಾದ ಡಿಸ್ನಿ ವರ್ಲ್ಡ್ ಎರಡರ ಸುತ್ತಲೂ 3 ನಾಟಿಕಲ್ ಮೈಲಿ (ಸುಮಾರು ಐದೂವರೆ ಕಿ.ಮೀ.) ದೂರ, ನೆಲದಿಂದ 3,000 ಅಡಿ ಎತ್ತರದವರೆಗೆ ಅನುಮತಿ ಇಲ್ಲದೆ ಹಾರುವಂತಿಲ್ಲ. ಡ್ರೋನ್‌ಗೂ ಇದೇ ನಿಯಮ.

ತಮಾಷೆ ಅಂದ್ರೆ ಇದಕ್ಕಿರುವ ಹೆಸರು 'ತಾತ್ಕಾಲಿಕ ನಿರ್ಬಂಧ'. 2003ರಲ್ಲಿ ಅಮೆರಿಕದ ಸಂಸತ್ತು ಒಂದು ದೊಡ್ಡ ಖರ್ಚುವೆಚ್ಚದ ಮಸೂದೆಯೊಳಗೆ ಇದನ್ನು ಸೇರಿಸಿ ಪಾಸು ಮಾಡಿತು. ಇಪ್ಪತ್ತು ವರ್ಷ ದಾಟಿದರೂ ತೆಗೆದಿಲ್ಲ.

ಕೊಟ್ಟ ಕಾರಣ ಭಯೋತ್ಪಾದನೆ. 2001ರ ದಾಳಿಯ ನಂತರ ಬೇಡ ಅನ್ನುವ ಧೈರ್ಯ ಯಾರಿಗಿತ್ತು? ಆದರೆ ಬಾಲಕ್ಕೆ ಉದ್ದನೆಯ ಬ್ಯಾನರ್ ಕಟ್ಟಿಕೊಂಡು ಜಾಹೀರಾತು ಹಾರಿಸುವ ಸಣ್ಣ ವಿಮಾನದವರು ಬೇರೆಯೇ ಹೇಳುತ್ತಾರೆ: ಪಾರ್ಕಿನ ಮೇಲೆ ಬೇರೆಯವರ ಜಾಹೀರಾತು ಕಾಣಬಾರದು, ಅಷ್ಟೇ. ನನಗೂ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಒರ್ಲಾಂಡೋದ ಯೂನಿವರ್ಸಲ್ ಪಾರ್ಕಿಗೂ ಜನ ಕಿಕ್ಕಿರಿದು ಬರುತ್ತಾರೆ. ಅದಕ್ಕೆ ಈ ಭಾಗ್ಯ ಇಲ್ವಲ್ಲ.

ಅಮೆರಿಕದ ಅಧ್ಯಕ್ಷರ ವಿಷಯ ಬೇರೆ. ಅವರು ಹೋದಲ್ಲೆಲ್ಲ ಸಾಮಾನ್ಯವಾಗಿ ಸುತ್ತಲೂ 30 ನಾಟಿಕಲ್ ಮೈಲಿಯ ಹಾರಾಟ ನಿರ್ಬಂಧವೂ ಜೊತೆಗೇ ಹೋಗುತ್ತದೆ. ಒಳಗಿನ 10 ಮೈಲಿಯಲ್ಲಿ ಸಣ್ಣ ಖಾಸಗಿ ವಿಮಾನಗಳಿಗೆ ಜಾಗವೇ ಇಲ್ಲ. ಇದಕ್ಕೆ ಭದ್ರತೆಯ ಕಾರಣ ನಿಜವಾಗಿಯೂ ಇದೆ, ಒಪ್ಪೋಣ. ಆದರೂ ಪೆಟ್ಟು ಬೀಳುವುದು ಸಣ್ಣವರಿಗೆ. 2017ರಲ್ಲಿ ಟ್ರಂಪ್ ವಾರಾಂತ್ಯಕ್ಕೆ ಫ್ಲೋರಿಡಾದ ಮಾರ್-ಎ-ಲಾಗೋಗೆ ಬಂದಾಗೆಲ್ಲ ಹತ್ತಿರದ ಲಂಟಾನಾ ವಿಮಾನ ನಿಲ್ದಾಣದ ಫ್ಲೈಯಿಂಗ್ ಸ್ಕೂಲು, ಬ್ಯಾನರ್ ಕಂಪನಿಗಳ ಕೆಲಸ ನಿಂತುಹೋಗುತ್ತಿತ್ತು. ಅವರಿಗೆ ಜಾಸ್ತಿ ಗಿರಾಕಿ ಬರುವುದೂ ವಾರಾಂತ್ಯದಲ್ಲೇ.