ಎಲ್ಲಕ್ಕೂ ಒಂದೇ ಹಿಟ್ಟು ಬೇಡ: ಫ್ರಿಟ್ಟೋ ಮಿಸ್ಟೋ ಕೇಳಿದವರಿಗೆ

ಮೇಡಂ, ಇಟಲಿಯ ಫ್ರಿಟ್ಟೋ ಮಿಸ್ಟೋ, ಅಂದರೆ ಮೀನು, ತರಕಾರಿ ಎಲ್ಲ ಕರಿದು ಒಟ್ಟಿಗೆ ಬಡಿಸುವ ತಟ್ಟೆ, ಮಾಡಲು ಹೋಗಿ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಬದನೆ, ಹೂಕೋಸು ಎಲ್ಲವನ್ನೂ ಒಂದೇ ಮೈದಾ ಹಿಟ್ಟಿನಲ್ಲಿ ಅದ್ದಿ ಕರಿದೆ, ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಯಿತು ಅಂತ ಬರೆದಿದ್ದೀರಿ. ಕಡಲೆಹಿಟ್ಟು ಸೇರಿಸಲಾ ಅಂತಲೂ ಕೇಳಿದ್ದೀರಿ. ಸೇರಿಸಿದರೆ ಒಳ್ಳೆ ಬಜ್ಜಿ ಆಗುತ್ತದೆ, ಫ್ರಿಟ್ಟೋ ಮಿಸ್ಟೋ ಆಗುವುದಿಲ್ಲ.

ನಿಮ್ಮ ತೊಂದರೆ ಇರುವುದು ಆ 'ಒಂದೇ ಹಿಟ್ಟಿ'ನಲ್ಲಿ. ಇಟಲಿಯ ಕರಾವಳಿಯಲ್ಲಿ ಸಣ್ಣ ಮೀನು, ಸಿಗಡಿ, ಬೊಂಡಾಸ್‌ಗೆ ಸಾಮಾನ್ಯವಾಗಿ ಕಲಸಿದ ಹಿಟ್ಟು ಹಾಕುವುದೇ ಇಲ್ಲ. ಮೀನನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಣ ಮೈದಾದಲ್ಲಿ ಹೊರಳಿಸಿ, ಜರಡಿಗೆ ಹಾಕಿ ಜಾಡಿಸಿ, ತಕ್ಷಣ ಎಣ್ಣೆಗೆ ಬಿಡುತ್ತಾರೆ. ಮೈದಾಗೆ ಸ್ವಲ್ಪ ಚಿರೋಟಿ ರವೆ ಬೆರೆಸಿಕೊಳ್ಳಿ, ಇನ್ನೂ ಗರಿಗರಿ. ಬೊಂಡಾಸ್ ಬಳೆಗಳಿಗೆ ಎರಡು ನಿಮಿಷ ಸಾಕು. ಜಾಸ್ತಿ ಬಿಟ್ಟರೆ ರಬ್ಬರ್.

ಕಲಸಿದ ಹಿಟ್ಟು ತರಕಾರಿಗೆ. 100 ಗ್ರಾಂ ಮೈದಾಗೆ ಸುಮಾರು 150 ಮಿಲಿ ಫ್ರಿಜ್‌ನಿಂದ ಆಗಷ್ಟೇ ತೆಗೆದ ಸಾದಾ ಸೋಡಾ. ಕರಿಯುವ ಹೊತ್ತಿಗೇ ಕಲಸಿ, ಗಂಟು ಉಳಿದರೂ ಪರವಾಗಿಲ್ಲ. ಜಾಸ್ತಿ ಕಲಸಿದರೆ ಮೈದಾ ಜಿಗುಟಾಗುತ್ತದೆ. ನೀರು ತಣ್ಣಗಿದ್ದರೆ ಆ ಜಿಗುಟು ನಿಧಾನ. ಹೂಕೋಸನ್ನು ಮೊದಲೇ ಅರೆ ಬೇಯಿಸಿ, ಆರಿಸಿ.

ಎಣ್ಣೆ ನಮ್ಮ ಕಡಲೆಕಾಯಿ ಎಣ್ಣೆಯೇ ಸಾಕು, ಅಲ್ಲಿಯೂ ಅದನ್ನು ಬಳಸುತ್ತಾರೆ. 170ರಿಂದ 180 ಡಿಗ್ರಿ ಇರಲಿ. ಬಾಣಲೆ ತುಂಬಬೇಡಿ, ಎಣ್ಣೆ ತಣ್ಣಗಾದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಮೊದಲು ತರಕಾರಿ, ಕೊನೆಗೆ ಮೀನು. ಉಲ್ಟಾ ಮಾಡಿದರೆ ಬದನೆಗೂ ಮೀನಿನ ವಾಸನೆ.

ಮನೆಯಲ್ಲಿ ಮೀನು ತಿನ್ನದವರೂ ಇದ್ದಾರೆ ಅಂದಿರಲ್ಲ, ಅವರಿಗೆ ಬೇರೆ ಎಣ್ಣೆ ಇಟ್ಟು ಕುಂಬಳ ಹೂವು ಮಾಡಿ. ರೋಮ್‌ನಲ್ಲಿ ಕುಂಬಳದ ಜಾತಿಯದೇ ಆದ ಜುಕಿನಿ ಹೂವಿನೊಳಗೆ ಮೊಝರೆಲ್ಲಾ, ಆಂಚೊವಿ ಮೀನು ತುಂಬಿ ಕರಿಯುತ್ತಾರೆ. ಮೀನು ಬಿಟ್ಟು ಬರೀ ಚೀಸ್ ತುಂಬಿ. ಉತ್ತರದ ಪೀಡ್ಮಾಂಟ್‌ನವರದು ಇನ್ನೂ ಮಜಾ. ಅವರ ತಟ್ಟೆಯಲ್ಲಿ ಕರಿದ ಲಿವರ್, ಸಾಸೇಜ್ ಪಕ್ಕದಲ್ಲೇ ಸೇಬಿನ ಹೋಳು, ಸಿಹಿ ರವೆಯ ತುಂಡು ಇರುತ್ತವೆ. ಹಾಲಿನಲ್ಲಿ ಸಕ್ಕರೆ, ನಿಂಬೆ ಸಿಪ್ಪೆ ಹಾಕಿ ರವೆ ಬೇಯಿಸಿ, ತಟ್ಟೆಗೆ ಸುರಿದು ಆರಿಸಿ, ಕತ್ತರಿಸಿ, ಮೊಟ್ಟೆ ಮತ್ತು ಬ್ರೆಡ್ ಪುಡಿ ಹಚ್ಚಿ ಕರಿಯುವುದು. ಸಿಹಿ ಅಂತ ಕೊನೆಗೆ ಎತ್ತಿಡಬೇಡಿ, ಖಾರದ ಜೊತೆಗೇ ತಿನ್ನಬೇಕು.

ಕರಿದದ್ದನ್ನು ಜಾಲರಿ ಮೇಲೆ ಹರಡಿ, ಮುಚ್ಚಬೇಡಿ. ಉಪ್ಪು ಆಮೇಲೆ ಉದುರಿಸಿ, ಜೊತೆಗೆ ನಿಂಬೆ ಹೋಳು. ಸಾಸ್ ಬೇಡವೇ ಬೇಡ. ಎಲ್ಲ ಮುಗಿಸಿ ಒಟ್ಟಿಗೆ ಬಡಿಸೋಣ ಅಂತ ಕಾಯಬೇಡಿ, ಸುಮ್ನೆ ಎಲ್ಲರನ್ನೂ ಅಡುಗೆಮನೆಗೇ ಕರೆಯಿರಿ.