ಚುನಾವಣೆ ಸುದ್ದಿಯಲ್ಲಿ ಬರುವ ‘ರೆಬೆಲ್’ ಅಂದರೆ ಯಾರು? ಪಕ್ಷೇತರ ಅಂದರೂ ಅದೇನಾ?

ಪೂರ್ತಿ ಅದೇ ಅಲ್ಲ. ಟಿಕೆಟ್ ಸಿಗದೆ ಸಿಟ್ಟಾಗಿ, ತನ್ನದೇ ಪಕ್ಷದ ಅಧಿಕೃತ ಅಭ್ಯರ್ಥಿ ವಿರುದ್ಧ ನಿಂತವರು ರೆಬೆಲ್, ಅಂದರೆ ಬಂಡಾಯ ಅಭ್ಯರ್ಥಿ. ಮತಯಂತ್ರದಲ್ಲಿ ಸಾಮಾನ್ಯವಾಗಿ ಅವರೂ ಪಕ್ಷೇತರರೇ.

2024ರ ಲೋಕಸಭೆ ಚುನಾವಣೆಯನ್ನೇ ನೋಡಿ. ಮಗನಿಗೆ ಹಾವೇರಿ ಟಿಕೆಟ್ ಕೊಡಲಿಲ್ಲ ಎಂದು ಬಿಜೆಪಿ ನಾಯಕ ಕೆ.ಎಸ್. ಈಶ್ವರಪ್ಪ ಶಿವಮೊಗ್ಗದಲ್ಲಿ ತಮ್ಮದೇ ಪಕ್ಷದ ಬಿ.ವೈ. ರಾಘವೇಂದ್ರ ವಿರುದ್ಧವೇ ನಿಂತರು. ಪಕ್ಷ ಅವರನ್ನು 6 ವರ್ಷ ಉಚ್ಚಾಟಿಸಿತು. ಗೆದ್ದದ್ದು ರಾಘವೇಂದ್ರ. ನನ್ನ ಪ್ರಕಾರ ರೆಬೆಲ್‌ಗಳು ಗೆಲ್ಲೋದಕ್ಕಿಂತ ಮತ ಒಡೆಯೋದೇ ಜಾಸ್ತಿ. ಅದಕ್ಕೇ ಅಲ್ವಾ, ನಾಮಪತ್ರ ವಾಪಸ್ ಪಡೆಯುವ ಕೊನೆ ದಿನದವರೆಗೂ ಅವರ ಮನೆಗೆ ನಾಯಕರು ಅಲೆಯೋದು!

ಶಾಸಕರೇ ರೆಬೆಲ್ ಆದರೆ ಕಥೆ ಬೇರೆ. 2019ರಲ್ಲಿ ಶಾಸಕರು ಹೀಗೆ ತಮ್ಮದೇ ಪಕ್ಷದ ವಿರುದ್ಧ ತಿರುಗಿಬಿದ್ದು ಕುಮಾರಸ್ವಾಮಿ ಸರ್ಕಾರವೇ ಬಿತ್ತು. ಅಂದಹಾಗೆ, ಅಂಬರೀಶ್ ಅವರ ‘ರೆಬೆಲ್ ಸ್ಟಾರ್’ ಬಿರುದು ಸಿನಿಮಾದ್ದು, ರಾಜಕೀಯದ್ದಲ್ಲ.