ಪ್ರತಿ ಜುಲೈಯಲ್ಲೂ ಇಲ್ಲದ ಅಮ್ಮ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಮಾಲೋಚನೆಗೆಂದು ನಮ್ಮ ಬಳಿ ಬಂದವರು ಜಯನಗರದಲ್ಲಿರುವ, ನಲವತ್ತರ ಆಸುಪಾಸಿನ ಮಹಿಳೆ. ತಾಯಿ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಪುರಾತತ್ವ ಕಲಿಸುತ್ತಿದ್ದರು; ಎಂಟು ತಿಂಗಳ ಹಿಂದೆ ಅಲ್ಲೇ ತೀರಿಕೊಂಡರು. ಅಸ್ಥಿಯನ್ನು ಶ್ರೀರಂಗಪಟ್ಟಣದ ಸಂಗಮದಲ್ಲಿ ಬಿಟ್ಟಾಗಿದೆ. ಈಗ ಹಳೆಯ ವಿದ್ಯಾರ್ಥಿಗಳು ಆನ್‌ಲೈನ್‌ನಲ್ಲಿ ಸ್ಮರಣೆಯ ಸಭೆ ಇಟ್ಟು ಮಗಳನ್ನು ಮಾತಾಡಲು ಕೇಳಿದ್ದಾರೆ. ಒಂದು ಸಾಲೂ ಹೊರಡುತ್ತಿಲ್ಲ. “ಎಲ್ಲರೂ ತಾಯಿಯಂಥ ಮೇಡಂ ಅಂತಾರೆ. ನನಗೆ ಸಿಟ್ಟು ಬರುತ್ತೆ, ಸಿಟ್ಟು ಬಂತಲ್ಲಾ ಅಂತ ನಾಚಿಕೆಯೂ ಆಗುತ್ತೆ.”

ಪಶ್ಚಿಮ ಏಷ್ಯಾದಲ್ಲಿ ವಿದೇಶಿ ತಂಡಗಳ ಉತ್ಖನನ ಹೆಚ್ಚಾಗಿ ನಡೆಯುವುದು ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ. ಅಧ್ಯಾಪಕರಿಗೆ ಬಿಡುವು ಆಗಲೇ, ಅಗೆಯಲು ವಿದ್ಯಾರ್ಥಿಗಳು ಸಿಗುವುದೂ ಆಗಲೇ. ಬ್ರಿಟನ್ನಿನಲ್ಲಿ ಮಕ್ಕಳ ರಜೆಯೂ ಅದೇ ಹೊತ್ತಿಗೆ. ತಾಯಿ ಟರ್ಕಿಗೆ ಹೊರಟರೆ ಮಗಳು ಬೆಂಗಳೂರಿನ ಅಜ್ಜಿ ಮನೆಗೆ. “ಅಮ್ಮನಿಗೆ ನಾನು ಬೇಡವಾಗಿದ್ದೆ” ಎಂಬ ಬಾಲ್ಯದ ತೀರ್ಮಾನವನ್ನು ಈ ಲೆಕ್ಕ ಅಳಿಸಲಾರದು, ಅದರ ಪಕ್ಕ ಇನ್ನೊಂದು ಕಾರಣವನ್ನು ಇಡಬಲ್ಲದು. ಅಷ್ಟು ಸಾಕು. ತಾಯಿಯ ಪರ ವಾದಿಸಲು ಹೊರಟರೆ ಎದುರಿಗೆ ಕೂತವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 8, ಅಂದರೆ ಸೌಮ್ಯ. ಸಾವಿನ ಯೋಚನೆ ಕುರಿತ 9ನೇ ಪ್ರಶ್ನೆಗೆ ಸೊನ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರ ಪ್ರಕಾರ ಶೋಕವನ್ನು ಕಾಯಿಲೆಯೆನ್ನಲು ಕನಿಷ್ಠ 6 ತಿಂಗಳು ಕಳೆದಿರಬೇಕು, ದಿನನಿತ್ಯದ ಬದುಕೂ ಕೆಟ್ಟಿರಬೇಕು. ಇವರ ಕೆಲಸ, ಊಟ ಸರಿಯಿವೆ; ನಿದ್ದೆ ಮಾತ್ರ ತುಸು ಏರುಪೇರು. ಮನೋವೈದ್ಯರ ಬಳಿ ಕಳಿಸುವ ಅಗತ್ಯ ಕಾಣಲಿಲ್ಲ.

ನಿಜವಾದ ಕಷ್ಟ ಮನೆಗೆ ಬಂದು ಬಿದ್ದಿದ್ದ ತಾಯಿಯ ಕಾಗದ, ಫೋಟೊಗಳ ಪೆಟ್ಟಿಗೆಗಳದ್ದು. ಒಂದು ಭಾನುವಾರ ಎಲ್ಲವನ್ನೂ ಸುರುವಿ, ಸಂಜೆಯವರೆಗೆ ಅತ್ತು, ಮತ್ತೆ ಮುಟ್ಟಿರಲಿಲ್ಲ. ಹೆಚ್ಚಿನವರು ಎಡವುವುದೂ ಇಲ್ಲೇ. ಆದ್ದರಿಂದ ವಾರಕ್ಕೆ ಎರಡೇ ಸಲ, 40 ನಿಮಿಷ, ಅಲಾರಂ ಇಟ್ಟುಕೊಂಡು ಕೂರಲು ಹೇಳಿದೆವು. ಅಲಾರಂ ಹೊಡೆದ ಮೇಲೆ ಕೋಣೆ ಬಿಟ್ಟು ಅಡುಗೆಯೋ ವಾಕಿಂಗೋ, ಕೈಕಾಲಿಗೆ ಕೆಲಸವಿರುವ ಏನಾದರೂ. ಶೋಕಕ್ಕೂ ಶೋಕದಿಂದ ಆಚೆಗೂ ಓಡಾಡುತ್ತಿದ್ದರೇ ಮನಸ್ಸು ತಡೆದುಕೊಳ್ಳುತ್ತದೆ. ಶೋಕದ ಸಂಶೋಧಕರಾದ ಸ್ಟ್ರೋಬ್ ಮತ್ತು ಶುಟ್ 1999ರಲ್ಲಿ ಮಂಡಿಸಿದ ಮಾದರಿಯ ತಿರುಳು ಇದೇ.

ಏನನ್ನೂ ಎತ್ತುವ ಮೊದಲು ಇದ್ದ ಹಾಗೇ ಫೋಟೊ ತೆಗೆದು ಪೆಟ್ಟಿಗೆಗೆ, ಲಕೋಟೆಗೆ ನಂಬರ್ ಹಾಕಬೇಕು. ಯಾವುದರ ಜೊತೆ ಯಾವುದಿತ್ತು ಎನ್ನುವುದೂ ಮಾಹಿತಿಯೇ, ತಾಯಿಯ ವೃತ್ತಿಯ ಮೊದಲ ನಿಯಮವೂ ಹೌದು. ರಬ್ಬರ್ ಬ್ಯಾಂಡ್, ಗುಂಡುಪಿನ್ ತೆಗೆಯಿರಿ: ಒಂದು ಅಂಟಿಕೊಳ್ಳುತ್ತದೆ, ಇನ್ನೊಂದು ತುಕ್ಕು ಹಿಡಿಯುತ್ತದೆ. ಫೋಟೊ ಹಿಂದೆ ಬಾಲ್‌ಪೆನ್ ಬೇಡ, ಅಚ್ಚೊತ್ತುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಸ್ಕ್ಯಾನ್ ಮಾಡುವಾಗ ಕಾಗದಕ್ಕೆ 300, ಫೋಟೊಗೆ 600 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕಿ). ಉತ್ಖನನದ ನೋಟ್‌ಬುಕ್, ನಕ್ಷೆಗಳು ಬರೀ ನೆನಪಿನ ವಸ್ತುಗಳಲ್ಲ. ಅವಿಲ್ಲದಿದ್ದರೆ ಅಲ್ಲಿ ಸಿಕ್ಕ ಮಡಕೆ ಚೂರುಗಳು ಮಣ್ಣಿನ ಯಾವ ಸ್ತರದವು ಎಂದು ಹೇಳಲಾಗದು. ಹಾಗಾಗಿ ಪ್ರತಿ ಇಟ್ಟುಕೊಂಡು ಮೂಲವನ್ನು ತಾಯಿಯ ವಿಶ್ವವಿದ್ಯಾಲಯದ ವಿಭಾಗಕ್ಕೆ ಒಪ್ಪಿಸಲು ತಿಳಿಸಿದೆವು. ಕಾಗದಗಳ ನಡುವೆ ಚೂರುಗಳೇನಾದರೂ ಸಿಕ್ಕರೆ ತೊಳೆಯಬಾರದು, ಹಂಚಬಾರದು, ಚೀಟಿ ಸಮೇತ ವಿಭಾಗಕ್ಕೆ ತಿಳಿಸಬೇಕು.

ಸಭೆಯ ಮಾತಿಗೆ ಐದು ನಿಮಿಷದ ಮಿತಿ. ಮೊದಲು ಇಬ್ಬರು ವಿದ್ಯಾರ್ಥಿಗಳಿಗೆ ಫೋನ್ ಮಾಡಿ “ಅಮ್ಮ ಅಗೆಯುವ ಜಾಗದಲ್ಲಿ ಬೆಳಗ್ಗೆ ಏನು ಮಾಡುತ್ತಿದ್ದರು?” ಎಂದಷ್ಟೇ ಕೇಳಬೇಕು, ಗುಣಗಾನ ಕೇಳಬಾರದು. ಆ ಉತ್ತರ ಒಂದು ಭಾಗ, ಅಜ್ಜಿ ಮನೆಗೆ ಬರುತ್ತಿದ್ದ ಪತ್ರಗಳು ಇನ್ನೊಂದು. “ಬೇಸಿಗೆಯಲ್ಲಿ ಅಮ್ಮ ನನ್ನ ಜೊತೆ ಇರುತ್ತಿರಲಿಲ್ಲ” ಎಂಬ ಸಾಲನ್ನು ಹೇಳಬಹುದು, ವಿವರಿಸಬೇಕಿಲ್ಲ. ಉಳಿದ ಸಿಟ್ಟಿಗೆ ಬೇರೆ ಹಾಳೆ, ಯಾರಿಗೂ ಕಳಿಸದ ಪತ್ರ.

ಅವರು ಮಾತಾಡಿದರು. ಸಿಟ್ಟು ಪೂರ್ತಿ ಹೋಗಿಲ್ಲ, ಹೋಗಲೇಬೇಕೆಂದು ನಾವು ಕೇಳಿಯೂ ಇಲ್ಲ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಲು ಹೇಳಿದ್ದೇವೆ, ಕನ್ನಡದಲ್ಲೇ ಮಾತಾಡಬಹುದು. ಜುಲೈ ಹತ್ತಿರವಾದಂತೆ ಸಂಕಟ ಮರುಕಳಿಸುವ ಸಂಭವವಿರುವುದರಿಂದ ಮುಂದಿನ ಭೇಟಿಯನ್ನು ಜೂನ್ ಕೊನೆಗೆ ಇಟ್ಟುಕೊಂಡಿದ್ದೇವೆ.